ಬೊಜ್ಜು, ಬಿಪಿ ಮತ್ತು ಔಷಧಗಳು: ಒಂದು ಸಂಶೋಧನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಾರ್ಮಕಾಲಜಿಯಲ್ಲಿ ಸಂಶೋಧನೆ ಮಾಡುತ್ತೇನೆ. ಬೊಜ್ಜು ಮತ್ತು ಬಿಪಿ ಎರಡೂ ಇರುವ ದೇಹದಲ್ಲಿ ಔಷಧಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ನನ್ನ ವಿಷಯ. ವಿದ್ಯಾರ್ಥಿಗಳು, ರೋಗಿಗಳು, ಅವರ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಶುರು ಮಾಡಬೇಡಿ, ನಿಲ್ಲಿಸಲೂಬೇಡಿ. ಆ ತೀರ್ಮಾನ ನಿಮ್ಮನ್ನು ಪರೀಕ್ಷೆ ಮಾಡಿದ ಡಾಕ್ಟರಿಗೆ ಬಿಟ್ಟದ್ದು.

ಫಾರ್ಮಕಾಲಜಿ ಅಂದರೆ ಔಷಧ ತಯಾರಿಸುವ ಕೆಲಸವಾ?

ಅಲ್ಲ. ಔಷಧ ದೇಹಕ್ಕೆ ಏನು ಮಾಡುತ್ತದೆ, ದೇಹ ಔಷಧಕ್ಕೆ ಏನು ಮಾಡುತ್ತದೆ, ಈ ಎರಡು ಪ್ರಶ್ನೆಗಳು ನಮ್ಮವು. ಮಾತ್ರೆ ನುಂಗಿದ ಮೇಲೆ ಅದು ಎಲ್ಲಿ ಹೋಗಿ ಅಂಟುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವ ಅಂಗ ಅದನ್ನು ಒಡೆಯುತ್ತದೆ, ಬೇಕಾದ ಜಾಗ ಬಿಟ್ಟು ಬೇಡದ ಯಾವ ಜಾಗಕ್ಕೆ ಕೈ ಹಾಕುತ್ತದೆ ಎಂದು ನೋಡುತ್ತೇವೆ. ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಬೊಜ್ಜಿನ ಔಷಧಗಳ ಇತಿಹಾಸವೆಲ್ಲ ಅಲ್ಲೇ ಇದೆ.

ಬೊಜ್ಜು ಒಂದು ಸಮಸ್ಯೆ, ಬಿಪಿ ಇನ್ನೊಂದು. ಎರಡನ್ನೂ ಒಟ್ಟಿಗೆ ಏಕೆ ನೋಡುತ್ತೀರಿ?

ಏಕೆಂದರೆ ಇವೆರಡೂ ಬಹಳ ಸಲ ಒಬ್ಬರಲ್ಲೇ ಇರುತ್ತವೆ. 2022ರ ಹೊತ್ತಿಗೆ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಿಗೆ ಬೊಜ್ಜು ಇತ್ತು. 2019ರಲ್ಲಿ 30ರಿಂದ 79 ವರ್ಷದ ಸುಮಾರು 128 ಕೋಟಿ ಜನರಿಗೆ ಬಿಪಿ ಇತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿತ್ತು. ಈ ಎರಡು ಗುಂಪುಗಳು ಒಂದರ ಮೇಲೊಂದು ಬೀಳುತ್ತವೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಅಂದಾಜು ಹೀಗಿದೆ: ಬೇರೆ ಕಾಯಿಲೆಯಿಂದ ಬಂದದ್ದಲ್ಲದ ಬಿಪಿಯಲ್ಲಿ ಗಂಡಸರಿಗೆ ಸುಮಾರು ಶೇ. 78, ಹೆಂಗಸರಿಗೆ ಸುಮಾರು ಶೇ. 65ರಷ್ಟಕ್ಕೆ ಹೆಚ್ಚಿದ ಕೊಬ್ಬೇ ಕಾರಣ.

ಹೀಗಿದ್ದರೂ ಔಷಧಗಳು ಬೇರೆ ಬೇರೆಯಾಗಿ ಹುಟ್ಟಿ ಬೆಳೆದವು. ಬಿಪಿ ಔಷಧ ಪರೀಕ್ಷಿಸಿದವರು ತೂಕದ ಕಡೆ ಹೆಚ್ಚು ಗಮನ ಕೊಡಲಿಲ್ಲ. ತೂಕ ಇಳಿಸುವ ಔಷಧ ಮಾಡಿದವರು ತಕ್ಕಡಿಯನ್ನೇ ನೋಡಿದರು, ಬಿಪಿಯನ್ನು ಪಕ್ಕಕ್ಕೆ ಬರೆದಿಟ್ಟರು. ಅದರ ಬೆಲೆ ತೆತ್ತವರು ರೋಗಿಗಳು. ತೂಕದ ಔಷಧವನ್ನು ತಕ್ಕಡಿಯಿಂದ ಅಳೆದರೆ ಸಾಲದು, ರಕ್ತನಾಳ ಮತ್ತು ಹೃದಯದ ಮೇಲೆ ಏನಾಯಿತು ಎಂದು ನೋಡಿ ಅಳೆಯಬೇಕು. ನನ್ನ ಕೆಲಸದ ಹಿಂದೆ ಇರುವುದು ಇದೊಂದೇ ಮಾತು.

ದಪ್ಪ ಆದರೆ ಬಿಪಿ ಏಕೆ ಏರುತ್ತದೆ? ಹೃದಯಕ್ಕೆ ಕೆಲಸ ಜಾಸ್ತಿ ಆಗುತ್ತದೆ ಅಂತಲಾ?

ಅದು ಉತ್ತರದ ಒಂದು ತುಂಡು ಮಾತ್ರ. ದೇಹ ದೊಡ್ಡದಾದಾಗ ಹೃದಯ ಹೆಚ್ಚು ರಕ್ತ ತಳ್ಳಬೇಕಾಗುವುದು ನಿಜ. ಆದರೆ ಬಿಪಿ ವರ್ಷಗಟ್ಟಲೆ ಮೇಲೇ ನಿಲ್ಲಬೇಕಾದರೆ ಅದರಲ್ಲಿ ಕಿಡ್ನಿಯ ಪಾಲು ಇರಲೇಬೇಕು. ಸಾಮಾನ್ಯವಾಗಿ ಬಿಪಿ ಏರಿದ ಕೂಡಲೇ ಕಿಡ್ನಿ ಉಪ್ಪು ಮತ್ತು ನೀರನ್ನು ಹೊರಗೆ ಹಾಕಿ ಅದನ್ನು ಇಳಿಸುತ್ತದೆ. ಬೊಜ್ಜಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಅಷ್ಟೇ ಉಪ್ಪು ಹೊರಹಾಕಲು ಕಿಡ್ನಿಗೆ ಮೊದಲಿಗಿಂತ ಹೆಚ್ಚು ಒತ್ತಡ ಬೇಕಾಗುತ್ತದೆ.

ಲೆಕ್ಕ ತಪ್ಪಿಸುವವರು ಹಲವರಿದ್ದಾರೆ. ಕಿಡ್ನಿಯ ಸುತ್ತ ಮತ್ತು ಒಳಗೆ ಸೇರಿದ ಕೊಬ್ಬು ಅದನ್ನು ಒತ್ತುತ್ತದೆ. ಸಿಂಪತೆಟಿಕ್ ನರಗಳು, ಅಂದರೆ ಹೆದರಿದಾಗ ಎದೆ ಬಡಿತ ಹೆಚ್ಚಿಸುವ ಅದೇ ನರಗಳು, ಕಿಡ್ನಿಗೆ ಸದಾ ಜೋರಾಗಿ ಸಂದೇಶ ಕಳಿಸುತ್ತಿರುತ್ತವೆ. ರೆನಿನ್, ಆಂಜಿಯೋಟೆನ್ಸಿನ್, ಆಲ್ಡೋಸ್ಟಿರೋನ್ ಎಂಬ ಮೂರು ಹಾರ್ಮೋನ್‌ಗಳ ಸರಪಳಿ ಚುರುಕಾಗುತ್ತದೆ. ಇದರಲ್ಲಿ ಆಂಜಿಯೋಟೆನ್ಸಿನ್ ರಕ್ತನಾಳವನ್ನು ಬಿಗಿ ಮಾಡುತ್ತದೆ, ಆಲ್ಡೋಸ್ಟಿರೋನ್ ಉಪ್ಪನ್ನು ಹಿಡಿದಿಡುತ್ತದೆ. ಇದರ ಮೇಲೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಸೇರಿಕೊಂಡರೆ ರಾತ್ರಿಯೂ ಬಿಪಿ ಇಳಿಯುವುದಿಲ್ಲ. ಗೊರಕೆ ಜೋರಾಗಿದ್ದು, ಮೂರು ಮಾತ್ರೆ ತೆಗೆದುಕೊಂಡರೂ ಬಿಪಿ ಇಳಿಯದವರು ಒಮ್ಮೆ ನಿದ್ದೆಯ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಲೇಬೇಕು.

ಕೊಬ್ಬು ಸುಮ್ನೆ ಶೇಖರಣೆ ಅಲ್ವಾ? ಅದಕ್ಕೂ ಹಾರ್ಮೋನ್‌ಗೂ ಏನು ಸಂಬಂಧ?

ಬಹಳ ಕಾಲ ವಿಜ್ಞಾನಿಗಳೂ ಹಾಗೆಯೇ ನಂಬಿದ್ದರು. ಆ ನಂಬಿಕೆ ಮುರಿದು ಬಿದ್ದ ಕಥೆ ನನಗೆ ತುಂಬ ಇಷ್ಟ.

ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಎರಡು ಬಗೆಯ ದಪ್ಪ ಇಲಿಗಳಿದ್ದವು. ಡಗ್ಲಸ್ ಕೋಲ್‌ಮನ್ ಎಂಬ ವಿಜ್ಞಾನಿ ಬೇರೆ ಬೇರೆ ಇಲಿಗಳ ರಕ್ತ ಒಂದರಿಂದ ಇನ್ನೊಂದಕ್ಕೆ ಹರಿಯುವಂತೆ ಎರಡೆರಡನ್ನು ಜೋಡಿಸಿ ನೋಡಿದರು. ಒಂದು ಬಗೆಯ ದಪ್ಪ ಇಲಿ ತೆಳ್ಳಗಿನ ಇಲಿಯ ರಕ್ತ ಸಿಕ್ಕಿದ ಮೇಲೆ ಕಡಿಮೆ ತಿನ್ನತೊಡಗಿತು. ಇನ್ನೊಂದು ಬಗೆಯ ದಪ್ಪ ಇಲಿಗೆ ಜೋಡಿಸಿದ ತೆಳ್ಳಗಿನ ಇಲಿಯೋ ತಿನ್ನುವುದನ್ನೇ ಬಿಟ್ಟು ಸತ್ತಿತು. ಹಾಗಾದರೆ ರಕ್ತದಲ್ಲಿ ಹಸಿವನ್ನು ತಡೆಯುವ ಏನೋ ಹರಿಯುತ್ತಿದೆ. ಮೊದಲ ಬಗೆಗೆ ಅದನ್ನು ತಯಾರಿಸಲು ಆಗುವುದಿಲ್ಲ, ಎರಡನೆಯದಕ್ಕೆ ಅದು ಎಷ್ಟಿದ್ದರೂ ತಟ್ಟುವುದಿಲ್ಲ. ಕೋಲ್‌ಮನ್ ಬರೀ ತರ್ಕದಿಂದ ಇಷ್ಟು ಹೇಳಿದರು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಅದರ ಜೀನ್ ಹಿಡಿಯಿತು. ಅದೇ ಲೆಪ್ಟಿನ್. ಅದು ತಯಾರಾಗುವುದು ಕೊಬ್ಬಿನ ಕೋಶದಲ್ಲಿ.

ಬಿಪಿಯ ಕಡೆಯಿಂದ ಬಂದ ಇನ್ನೊಂದು ಸುಳಿವು ಅಷ್ಟು ಪ್ರಸಿದ್ಧವಲ್ಲ. ರಕ್ತನಾಳದ ಪ್ರಯೋಗ ಮಾಡುವವರು ನಾಳದ ಸುತ್ತ ಅಂಟಿದ ಕೊಬ್ಬನ್ನು ಕೆರೆದು ಎಸೆಯುವುದು ರೂಢಿ. 1991ರಲ್ಲಿ ಸೋಲ್ಟಿಸ್ ಮತ್ತು ಕ್ಯಾಸಿಸ್ ಎಂಬಿಬ್ಬರು ಆ ಕೊಬ್ಬನ್ನು ಹಾಗೇ ಬಿಟ್ಟು ಪ್ರಯೋಗ ಮಾಡಿದರು. ಇಲಿಯ ಮಹಾಧಮನಿಗೆ, ನಾಳವನ್ನು ಬಿಗಿ ಮಾಡುವ ನಾರ್‌ಅಡ್ರಿನಲಿನ್ ಹಾಕಿದಾಗ ಕೊಬ್ಬು ಇದ್ದ ನಾಳ ಕಡಿಮೆ ಬಿಗಿಯಿತು. ಅಂದರೆ ಆರೋಗ್ಯವಾಗಿರುವ ಕೊಬ್ಬು ನಾಳವನ್ನು ಸಡಿಲವಾಗಿಡಲು ನೆರವಾಗುತ್ತದೆ. ಬೊಜ್ಜಿನಲ್ಲಿ ಈ ಗುಣ ಕುಂದುತ್ತದೆ. ಎಸೆಯುತ್ತಿದ್ದ ವಸ್ತುವಿನಲ್ಲೇ ಉತ್ತರ ಇತ್ತು!

ಮುಂದೆ ಲೀಸಾ ಕ್ಯಾಸಿಸ್ ಅವರ ಕೆಂಟಕಿ ವಿಶ್ವವಿದ್ಯಾಲಯದ ತಂಡ ಕೊಬ್ಬಿನ ಕೋಶವೇ ತಯಾರಿಸುವ ಆಂಜಿಯೋಟೆನ್ಸಿನೋಜನ್ ಹಿಂದೆ ಬಿತ್ತು. ಆಂಜಿಯೋಟೆನ್ಸಿನ್ ಹುಟ್ಟುವುದು ಇದರಿಂದ. ಕೊಬ್ಬಿನ ಕೋಶದಲ್ಲಿ ಮಾತ್ರ ಇದು ತಯಾರಾಗದಂತೆ ಮಾಡಿದ ಇಲಿಗಳನ್ನು ದಪ್ಪ ಮಾಡಿದರೂ ಅವುಗಳ ಬಿಪಿ ಏರಲಿಲ್ಲ ಎಂದು 2012ರಲ್ಲಿ ತೋರಿಸಿದರು. ದೇಹದ ಉಳಿದ ಭಾಗವೆಲ್ಲ ಮೊದಲಿನಂತೆಯೇ ಇತ್ತು. ಕೊಬ್ಬು ಬಿಪಿಗೆ ನೇರವಾಗಿ ಕೈ ಹಾಕುತ್ತದೆ ಎಂಬುದಕ್ಕೆ ನಾನು ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಇದನ್ನೇ.

ತೂಕ ಇಳಿದರೆ ಬಿಪಿ ಇಳಿಯಲೇಬೇಕಾ?

ಸಾಮಾನ್ಯವಾಗಿ ಇಳಿಯುತ್ತದೆ. 25 ಟ್ರಯಲ್‌ಗಳನ್ನು ಒಟ್ಟಿಗೆ ನೋಡಿದ 2003ರ ಲೆಕ್ಕದಲ್ಲಿ ಇಳಿದ ಪ್ರತಿ ಕಿಲೋಗೆ ಬಿಪಿಯ ಮೇಲಿನ ಅಂಕಿ ಸುಮಾರು 1ರಷ್ಟು ಇಳಿದಿತ್ತು. ಕೆಳಗಿನದೂ ಹೆಚ್ಚುಕಡಿಮೆ ಅಷ್ಟೇ. ಐದು ಕಿಲೋ ಇಳಿಸಿದವರು ಒಂದು ಮಾತ್ರೆಯ ಅರ್ಧ ಕೆಲಸವನ್ನಾದರೂ ಮಾಡಿಕೊಂಡಂತೆ.

ಆದರೆ ಎರಡರ ನಂಟು ಬಿಡಿಸಿಕೊಳ್ಳುವ ಸಂದರ್ಭಗಳೂ ಇವೆ. ಸಂಶೋಧನೆಗೆ ಅವೇ ಚಿನ್ನ. ಲೆಪ್ಟಿನ್ ಇಲ್ಲದ ಇಲಿ ವಿಪರೀತ ದಪ್ಪ ಇರುತ್ತದೆ, ಆದರೂ ಬಿಪಿ ಏರುವುದಿಲ್ಲ. ಮಿದುಳಿನಲ್ಲಿ ಎಂಸಿ4 ಎಂಬ ಗ್ರಾಹಕ ಇದೆ. ಗ್ರಾಹಕ ಅಂದರೆ ಹಾರ್ಮೋನ್ ಅಥವಾ ಔಷಧ ಬಂದು ಅಂಟುವ ಜಾಗ. ಲೆಪ್ಟಿನ್ ಕೊಡುವ ‘ಸಾಕು’ ಎಂಬ ಸಂದೇಶ ಇದರ ಮೂಲಕ ಸಾಗುತ್ತದೆ. ಹುಟ್ಟಿನಿಂದಲೇ ಈ ಗ್ರಾಹಕ ಕೆಟ್ಟಿರುವ ಜನ ಚಿಕ್ಕಂದಿನಿಂದ ದಪ್ಪ ಇರುತ್ತಾರೆ. ಅಷ್ಟೇ ತೂಕದ ಬೇರೆಯವರಿಗೆ ಹೋಲಿಸಿದರೆ ಅವರಲ್ಲಿ ಬಿಪಿ ಕಾಯಿಲೆ ಕಡಿಮೆ ಎಂದು 2009ರಲ್ಲಿ ಗೊತ್ತಾಯಿತು. ಅದೇ ಅಧ್ಯಯನದಲ್ಲಿ ಈ ಗ್ರಾಹಕವನ್ನು ಎಬ್ಬಿಸುವ ಔಷಧವನ್ನು ದಪ್ಪ ಇರುವ ಸ್ವಯಂಸೇವಕರಿಗೆ ಕೊಟ್ಟಾಗ ಬಿಪಿ ಏರಿತು.

ಇದರ ಅರ್ಥ ನೋಡಿ. ಹಸಿವು ತಗ್ಗಿಸುವ ದಾರಿಯಲ್ಲೇ ಬಿಪಿ ಏರಿಸುವ ದಾರಿಯೂ ಹಾದು ಹೋಗುತ್ತದೆ. ಬೊಜ್ಜು ಇರುವವರಲ್ಲಿ ಲೆಪ್ಟಿನ್ ಜಾಸ್ತಿ ಇರುತ್ತದೆ. ಹಸಿವಿನ ವಿಷಯದಲ್ಲಿ ಮಿದುಳು ಅದಕ್ಕೆ ಕಿವಿಗೊಡುವುದನ್ನು ಬಿಟ್ಟಿರುತ್ತದೆ, ಆದರೆ ಕಿಡ್ನಿಯ ನರಗಳನ್ನು ಕೆರಳಿಸುವ ಕೆಲಸ ಮಾತ್ರ ನಡೆದೇ ಇರುತ್ತದೆ. ಒಳ್ಳೆಯದು ನಿಂತು ಕೆಟ್ಟದ್ದು ಉಳಿದ ಪರಿಸ್ಥಿತಿ ಇದು. ಸೆಟ್‌ಮೆಲನೊಟೈಡ್ ಎಂಬ ಇನ್ನೊಂದು ಔಷಧ ಇದೇ ಎಂಸಿ4 ಗ್ರಾಹಕವನ್ನು ಎಬ್ಬಿಸಿದರೂ ಬಿಪಿಯನ್ನು ಹಾಗೆ ಏರಿಸಲಿಲ್ಲ. ಕೆಲವು ಅಪರೂಪದ ವಂಶವಾಹಿ ಬೊಜ್ಜಿಗೆ 2020ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಒಂದೇ ಬಾಗಿಲು ತಟ್ಟುವ ಎರಡು ಅಣುಗಳು ಬೇರೆ ಬೇರೆ ಫಲ ಕೊಡಬಹುದು. ನಮ್ಮ ಕ್ಷೇತ್ರ ಬದುಕಿರುವುದೇ ಈ ವ್ಯತ್ಯಾಸದ ಮೇಲೆ.

ಹಿಂದೆ ಬಂದ ಬೊಜ್ಜಿನ ಔಷಧಗಳನ್ನು ವಾಪಸ್ ತೆಗೆದುಕೊಂಡರಲ್ಲ, ಏಕೆ?

ಪಟ್ಟಿ ಉದ್ದ ಇದೆ. 1930ರ ದಶಕದಲ್ಲಿ ಡೈನೈಟ್ರೋಫಿನಾಲ್ ಎಂಬ ರಾಸಾಯನಿಕ ಕೊಟ್ಟರು. ಅದು ಕೋಶದ ಶಕ್ತಿಯನ್ನು ಬರೀ ಶಾಖವಾಗಿ ಹೊರಹಾಕಿಸುತ್ತದೆ. ತೂಕ ಇಳಿಯಿತು, ಜೊತೆಗೆ ಜನ ಮೈ ಕಾದು ಸತ್ತರು, ಕೆಲವರಿಗೆ ಕಣ್ಣಿನ ಪೊರೆ ಬಂತು. ಇವತ್ತಿಗೂ ಕೆಲವರು ಅದನ್ನು ಇಂಟರ್‌ನೆಟ್‌ನಲ್ಲಿ ಕೊಂಡು ನುಂಗಿ ಸಾಯುತ್ತಾರೆ. ದಯವಿಟ್ಟು ಹತ್ತಿರವೂ ಹೋಗಬೇಡಿ.

ಫೆನ್‌ಫ್ಲುರಮೈನ್ ಮತ್ತು ಫೆಂಟರ್ಮಿನ್ ಜೋಡಿ 1990ರ ದಶಕದಲ್ಲಿ ಬಹಳ ಜನಪ್ರಿಯವಾಗಿತ್ತು. ಫೆನ್‌ಫ್ಲುರಮೈನ್ ಮಿದುಳಿನಲ್ಲಿ ಸೆರೊಟೋನಿನ್ ಎಂಬ ನರಗಳ ಸಂದೇಶವಾಹಕದ ಮೂಲಕ ಹಸಿವು ಕಡಿಮೆ ಮಾಡುತ್ತದೆ. ಆದರೆ ಸೆರೊಟೋನಿನ್ನಿನ ಇನ್ನೊಂದು ಬಗೆಯ ಗ್ರಾಹಕ ಹೃದಯದ ಕವಾಟಗಳಲ್ಲಿ ಇದೆ. ಅದು ಕೆರಳಿದಾಗ ಕವಾಟ ದಪ್ಪಗಾಗಿ ಸೋರತೊಡಗುತ್ತದೆ. 1997ರಲ್ಲಿ ಫೆನ್‌ಫ್ಲುರಮೈನ್ ಅನ್ನು ಮಾರುಕಟ್ಟೆಯಿಂದ ತೆಗೆದರು. ರಿಮೊನಬಾಂಟ್ ಎಂಬ ಇನ್ನೊಂದು ತೂಕದ ಔಷಧ ಯುರೋಪಿನಲ್ಲಿ 2006ರಲ್ಲಿ ಬಂತು, ಖಿನ್ನತೆ ಮತ್ತು ಆತ್ಮಹತ್ಯೆಯ ಭಯದಿಂದ 2008ರಲ್ಲಿ ಹೋಯಿತು.

ನನ್ನ ವಿಷಯಕ್ಕೆ ತೀರಾ ಹತ್ತಿರದ್ದು ಸಿಬುಟ್ರಮೈನ್. ಅದು ನಾರ್‌ಅಡ್ರಿನಲಿನ್ ಮತ್ತು ಸೆರೊಟೋನಿನ್ ಎರಡನ್ನೂ ನರಗಳ ನಡುವೆ ಹೆಚ್ಚು ಹೊತ್ತು ಉಳಿಸುತ್ತದೆ. ಹಸಿವು ಇಳಿಯುತ್ತದೆ. ಆದರೆ ಅದೇ ನಾರ್‌ಅಡ್ರಿನಲಿನ್ ರಕ್ತನಾಳವನ್ನು ಬಿಗಿ ಮಾಡುತ್ತದೆ, ಎದೆ ಬಡಿತ ಹೆಚ್ಚಿಸುತ್ತದೆ. ತೂಕ ಇಳಿದದ್ದರಿಂದ ಬರಬೇಕಾದ ಬಿಪಿಯ ಲಾಭವನ್ನು ಔಷಧವೇ ತಿಂದು ಹಾಕಿತು. ಹೃದಯದ ಅಪಾಯ ಹೆಚ್ಚಿದ್ದ ಸುಮಾರು 10,000 ಜನರ ಮೇಲೆ ನಡೆದ ಸ್ಕೌಟ್ ಎಂಬ ಟ್ರಯಲ್ ಫಲಿತಾಂಶ ಬಂದಾಗ, ಔಷಧ ತೆಗೆದುಕೊಂಡವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಾಗಿತ್ತು. 2010ರಲ್ಲಿ ಅಮೆರಿಕ, ಯುರೋಪು ಸೇರಿ ಹಲವು ಕಡೆ ಅದು ನಿಂತಿತು. ವರ್ಷಗಳ ಕಾಲ ತೂಕ ಇಳಿದ ಸಂತೋಷದಲ್ಲಿ ಬಿಪಿಯ ಸಣ್ಣ ಏರಿಕೆಯನ್ನು ‘ಪರವಾಗಿಲ್ಲ’ ಎಂದು ಬಿಟ್ಟಿದ್ದರು. ಕೋಟಿ ಜನ ನುಂಗುವ ಔಷಧದಲ್ಲಿ ಎರಡು ಮೂರು ಅಂಕದ ಏರಿಕೆ ಸಣ್ಣದಲ್ಲ.

ಈಗಿನ ವಾರಕ್ಕೊಮ್ಮೆ ಇಂಜೆಕ್ಷನ್‌ಗಳು ಹೇಗೆ ಬೇರೆ?

ಇವು ಕರುಳಿನ ಹಾರ್ಮೋನನ್ನು ಅನುಕರಿಸುತ್ತವೆ. ಊಟ ಮಾಡಿದಾಗ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನ್ ಬಿಡುತ್ತದೆ. ಅದು ಇನ್ಸುಲಿನ್ ಹೆಚ್ಚಿಸುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಮಿದುಳಿಗೆ ಹೊಟ್ಟೆ ತುಂಬಿತು ಎಂದು ಹೇಳುತ್ತದೆ. ತೊಂದರೆ ಏನೆಂದರೆ ರಕ್ತದಲ್ಲಿ ಅದರ ಆಯುಸ್ಸು ಒಂದೆರಡು ನಿಮಿಷ. ಡಿಪಿಪಿ-4 ಎಂಬ ಕಿಣ್ವ ತಕ್ಷಣ ಕತ್ತರಿಸುತ್ತದೆ.

ಆ ಕಿಣ್ವಕ್ಕೆ ಸುಲಭವಾಗಿ ಸಿಗದ ರೂಪ ಮೊದಲು ಸಿಕ್ಕಿದ್ದು ಗೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಲ್ಲಿ. ಜಾನ್ ಎಂಗ್ ಎಂಬ ವಿಜ್ಞಾನಿ 1992ರಲ್ಲಿ ಅದನ್ನು ವರದಿ ಮಾಡಿದರು. ಅದರಿಂದ ಬಂದ ಎಕ್ಸೆನಟೈಡ್ 2005ರಲ್ಲಿ ಸಕ್ಕರೆ ಕಾಯಿಲೆಗೆ ಬಳಕೆಗೆ ಬಂತು. ಆಮೇಲೆ ಮನುಷ್ಯನ ಹಾರ್ಮೋನಿಗೇ ಕೊಬ್ಬಿನಾಮ್ಲದ ಬಾಲ ಅಂಟಿಸುವ ಉಪಾಯ ಬಂತು. ಆ ಬಾಲ ರಕ್ತದ ಆಲ್ಬುಮಿನ್ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಔಷಧ ಬೇಗ ಸೋರಿ ಹೋಗುವುದಿಲ್ಲ. ಲಿರಾಗ್ಲುಟೈಡ್‌ಗೆ ಇದರಿಂದ ಸುಮಾರು 13 ಗಂಟೆಯ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸಿಕ್ಕಿತು. ಸೆಮಾಗ್ಲುಟೈಡ್‌ಗೆ ಸುಮಾರು ಒಂದು ವಾರ. ಟಿರ್ಜೆಪಟೈಡ್ ಜಿಐಪಿ ಎಂಬ ಇನ್ನೊಂದು ಕರುಳಿನ ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಈ ಸಾಲಿನ ಮೂಲ ಕೆಲಸಕ್ಕೆ ಜೋಯೆಲ್ ಹೇಬನರ್, ಸ್ವೆಟ್ಲಾನಾ ಮೊಯ್ಸೊವ್ ಮತ್ತು ಲೊಟ್ಟೆ ಕ್ನುಡ್ಸೆನ್ ಅವರಿಗೆ 2024ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂತು.

ಹಾಗಾದರೆ ಇವು ಬಿಪಿಗೂ ಔಷಧವಾ?

ಬಿಪಿ ಔಷಧ ಎಂದು ಬರೆದುಕೊಡುವುದಿಲ್ಲ, ಆದರೆ ಬಿಪಿ ಇಳಿಯುತ್ತದೆ. 2021ರಲ್ಲಿ ಪ್ರಕಟವಾದ ಸ್ಟೆಪ್-1 ಟ್ರಯಲ್‌ನಲ್ಲಿ 1,961 ಜನ ಇದ್ದರು. 68 ವಾರದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ. 14.9 ಇಳಿಯಿತು, ಪ್ಲಸೀಬೊ, ಅಂದರೆ ಔಷಧವಿಲ್ಲದ ಹುಸಿ ಇಂಜೆಕ್ಷನ್, ಪಡೆದವರದು ಶೇ. 2.4. ಬಿಪಿಯ ಮೇಲಿನ ಅಂಕಿ ಮೊದಲ ಗುಂಪಿನಲ್ಲಿ ಸುಮಾರು 6 ಇಳಿಯಿತು, ಎರಡನೆಯದರಲ್ಲಿ ಸುಮಾರು 1. ಸಿಬುಟ್ರಮೈನ್ ಪಕ್ಕ ಇಟ್ಟು ನೋಡಿದರೆ ಇದು ದೊಡ್ಡ ವ್ಯತ್ಯಾಸ.

ಅದಕ್ಕಿಂತ ಮುಖ್ಯವಾದದ್ದು 2023ರ ಸೆಲೆಕ್ಟ್ ಟ್ರಯಲ್. ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದು ಸಕ್ಕರೆ ಕಾಯಿಲೆ ಇಲ್ಲದ, ತೂಕ ಹೆಚ್ಚಿದ್ದ 17,604 ಜನರಲ್ಲಿ ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಸಂಬಂಧಿ ಸಾವನ್ನು ಒಟ್ಟಾರೆ ಶೇ. 20ರಷ್ಟು ಕಡಿಮೆ ಮಾಡಿತು. ಬೊಜ್ಜಿನ ಔಷಧವನ್ನು ಹೀಗೆ ಪರೀಕ್ಷೆ ಮಾಡಬೇಕು ಎಂದು ನಾವು ಹೇಳುತ್ತಾ ಬಂದದ್ದು ಇದನ್ನೇ.

ಒಂದು ವಿಷಯ ಮಾತ್ರ ಇನ್ನೂ ನನ್ನನ್ನು ಕೆಣಕುತ್ತದೆ. ಬಿಪಿ ಇಳಿಸುತ್ತಲೇ ಈ ಔಷಧಗಳು ಎದೆ ಬಡಿತವನ್ನು ನಿಮಿಷಕ್ಕೆ ಒಂದೆರಡರಿಂದ ಕೆಲವು ಬಡಿತದಷ್ಟು ಏರಿಸುತ್ತವೆ. ಹೃದಯದ ಲಯ ನಿಯಂತ್ರಿಸುವ ಜಾಗದಲ್ಲಿ ಜಿಎಲ್‌ಪಿ-1 ಗ್ರಾಹಕಗಳಿವೆ, ಅದರ ಪಾತ್ರ ಇರಬಹುದು. ಸೆಲೆಕ್ಟ್ ಫಲಿತಾಂಶ ನೋಡಿದ ಮೇಲೆ ಇದರಿಂದ ಒಟ್ಟಾರೆ ಹಾನಿ ಆಗುತ್ತಿಲ್ಲ ಎನ್ನಬಹುದು. ಆದರೂ ಮೊದಲೇ ಬಡಿತದ ತೊಂದರೆ ಇರುವವರು ಅದನ್ನು ಡಾಕ್ಟರಿಗೆ ಹೇಳಬೇಕು.

ಬಿಪಿ ಮಾತ್ರೆಯಿಂದ ನನ್ನ ತೂಕ ಏರಿತು. ಇದು ನಿಜ ಇರಬಹುದಾ?

ಇರಬಹುದು, ಯಾವ ಮಾತ್ರೆ ಎಂಬುದರ ಮೇಲೆ ನಿಂತಿದೆ. ಹಳೆಯ ಬೀಟಾ ಬ್ಲಾಕರ್‌ಗಳು, ಅಂದರೆ ಪ್ರೊಪ್ರನೊಲಾಲ್, ಅಟೆನೊಲಾಲ್, ಮೆಟೊಪ್ರೊಲಾಲ್ ತರಹದವು, ಸರಾಸರಿ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ತೂಕ ಏರಿಸುತ್ತವೆ. ದೇಹ ಸುಡುವ ಶಕ್ತಿ ಸ್ವಲ್ಪ ಇಳಿಯುತ್ತದೆ, ಕೊಬ್ಬು ಕರಗುವುದು ನಿಧಾನವಾಗುತ್ತದೆ, ಸುಸ್ತು ಹೆಚ್ಚಾಗಿ ಓಡಾಟವೂ ಕಡಿಮೆಯಾಗಬಹುದು. ಬಿಪಿ ಮತ್ತು ಸಕ್ಕರೆ ಕಾಯಿಲೆ ಎರಡೂ ಇದ್ದವರಲ್ಲಿ ನಡೆದ 2004ರ ಜೆಮಿನಿ ಟ್ರಯಲ್‌ನಲ್ಲಿ ಮೆಟೊಪ್ರೊಲಾಲ್ ತೂಕ ಏರಿಸಿತು, ಇನ್ನೊಂದು ಬೀಟಾ ಬ್ಲಾಕರ್ ಕಾರ್ವೆಡಿಲಾಲ್ ಹೆಚ್ಚುಕಡಿಮೆ ಏರಿಸಲಿಲ್ಲ.

ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಕಾಲು ಊದಿದ್ದನ್ನು ನೋಡಿ ದಪ್ಪ ಆದೆ ಎಂದು ಬೇಸರ ಮಾಡಿಕೊಳ್ಳುತ್ತಾರೆ. ಅದು ಕೊಬ್ಬಲ್ಲ, ಸಣ್ಣ ನಾಳಗಳಿಂದ ಹೊರಗೆ ಜಿನುಗಿದ ನೀರು.

ರೋಗಿ ಮಾತ್ರೆಯಿಂದ ತೂಕ ಏರಿತು ಎಂದಾಗ ಅದನ್ನು ನೆಪ ಎಂದು ತಳ್ಳಿಹಾಕುವುದು ಸರಿಯಲ್ಲ. ಹಾಗಂತ ಬೀಟಾ ಬ್ಲಾಕರನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ಎದೆ ನೋವು, ಹೃದಯಾಘಾತದ ತನಕ ಹೋಗಬಹುದು. ಹೃದಯಾಘಾತ ಆದವರಿಗೆ, ಹೃದಯ ದುರ್ಬಲ ಆದವರಿಗೆ ಆ ಮಾತ್ರೆ ಜೀವ ಉಳಿಸುತ್ತಿರಬಹುದು. ಅವರಿಗೆ ಒಂದು ಕಿಲೋ ಲೆಕ್ಕಕ್ಕೆ ಬರುವುದಿಲ್ಲ.

ಬೊಜ್ಜು ಇರುವವರಿಗೆ ಯಾವ ಬಿಪಿ ಔಷಧ ಒಳ್ಳೆಯದು?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆದರೆ ಕೊಬ್ಬು ಆಂಜಿಯೋಟೆನ್ಸಿನ್ ಸರಪಳಿಯನ್ನು ಚುರುಕು ಮಾಡುತ್ತದೆ ಎಂದು ಮೇಲೆ ಹೇಳಿದೆನಲ್ಲ. ಅದನ್ನೇ ತಡೆಯುವ ಔಷಧಗಳಿಂದ ಶುರು ಮಾಡುವುದು ತರ್ಕಕ್ಕೂ ಒಪ್ಪುತ್ತದೆ, ಅನುಭವಕ್ಕೂ. ಅವು ತೂಕ ಏರಿಸುವುದಿಲ್ಲ, ಸಕ್ಕರೆ ಕೆಡಿಸುವುದಿಲ್ಲ.

ಈ ಗುಂಪಿನ ಮೊದಲ ಮಾತ್ರೆ ಕ್ಯಾಪ್ಟೋಪ್ರಿಲ್. ಅದರ ಮೂಲ ಬ್ರೆಜಿಲಿನ ಜರರಾಕ ಹಾವಿನ ವಿಷ. ಬ್ರೆಜಿಲ್‌ನ ಸೆರ್ಜಿಯೊ ಫೆರೇರಾ ಆ ವಿಷದ ಒಂದು ಭಾಗ ರಕ್ತನಾಳದ ಮೇಲೆ ಮಾಡುವ ಪರಿಣಾಮ ಕಂಡುಹಿಡಿದು ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ಮುಂದೆ ಕುಶ್‌ಮನ್ ಮತ್ತು ಒಂಡೆಟ್ಟಿ ಎಂಬ ವಿಜ್ಞಾನಿಗಳು ಅದೇ ಕೆಲಸ ಮಾಡುವ ಪುಟ್ಟ ಅಣು ರೂಪಿಸಿದರು. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆಂಜಿಯೋಟೆನ್ಸಿನ್ ಅಂಟುವ ಗ್ರಾಹಕವನ್ನೇ ತಡೆಯುವ ಲೊಸಾರ್ಟನ್ 1995ರಲ್ಲಿ ಬಂತು, ಟೆಲ್ಮಿಸಾರ್ಟನ್ ಅದೇ ಕುಟುಂಬದ್ದು. ಗರ್ಭಿಣಿಯರು ಮಾತ್ರ ಇವನ್ನು ತೆಗೆದುಕೊಳ್ಳಬಾರದು, ಮಗುವಿನ ಕಿಡ್ನಿಗೆ ಹಾನಿ.

ಮೂರು ಔಷಧಕ್ಕೂ ಬಗ್ಗದ ಬಿಪಿಗೆ ಆಲ್ಡೋಸ್ಟಿರೋನ್ ತಡೆಯುವ ಸ್ಪಿರೊನೊಲ್ಯಾಕ್ಟೋನ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು 2015ರ ಪಾತ್‌ವೇ-2 ಟ್ರಯಲ್ ತೋರಿಸಿತು. ಬೊಜ್ಜಿನಲ್ಲಿ ಆಲ್ಡೋಸ್ಟಿರೋನ್ ಜಾಸ್ತಿ ಇರುವುದನ್ನು ನೆನೆದರೆ ಅದರಲ್ಲಿ ಆಶ್ಚರ್ಯವಿಲ್ಲ. ರಕ್ತದ ಪೊಟ್ಯಾಸಿಯಂ ಏರದಂತೆ ಕಣ್ಣಿಡಬೇಕು.

ದೇಹ ದೊಡ್ಡದಿದ್ದರೆ ಡೋಸ್ ಕೂಡ ದೊಡ್ಡದು ಬೇಕಾ?

ಹಾಗೆ ನೇರವಾಗಿ ಗುಣಿಸಲು ಬರುವುದಿಲ್ಲ. ಕೊಬ್ಬಿನಲ್ಲಿ ಕರಗುವ ಔಷಧಕ್ಕೆ ಬೊಜ್ಜಿನ ದೇಹದಲ್ಲಿ ಹರಡಲು ಜಾಗ ಜಾಸ್ತಿ. ದೊಡ್ಡ ಪಾತ್ರೆಯ ನೀರು ಸಿಹಿಯಾಗಲು ಹೆಚ್ಚು ಸಕ್ಕರೆ ಬೇಕಾದ ಹಾಗೆ, ಮೊದಲ ಡೋಸ್ ಹೆಚ್ಚು ಬೇಕಾಗಬಹುದು. ಆದರೆ ದಿನದಿನದ ಡೋಸ್ ನಿರ್ಧರಿಸುವುದು ಲಿವರ್ ಮತ್ತು ಕಿಡ್ನಿ ಅದನ್ನು ಎಷ್ಟು ಬೇಗ ಹೊರಹಾಕುತ್ತವೆ ಎಂಬುದು. ತೂಕ ಎರಡು ಪಟ್ಟಾದರೆ ಲಿವರ್ ಎರಡು ಪಟ್ಟು ಕೆಲಸ ಮಾಡುವುದಿಲ್ಲ. ಬಿಪಿ ಮಾತ್ರೆಗಳಲ್ಲಿ ಚಿಕ್ಕ ಡೋಸಿನಿಂದ ಶುರು ಮಾಡಿ, ಅಳೆದು, ಏರಿಸುವುದೇ ಸರಿಯಾದ ದಾರಿ. ಹಿಂದಿನ ಟ್ರಯಲ್‌ಗಳಲ್ಲಿ ತೀರಾ ದಪ್ಪ ಇರುವವರನ್ನು ಬಹಳ ಸಲ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಆಮೇಲೆ ಅದೇ ಔಷಧವನ್ನು ಅವರಿಗೇ ಕೊಟ್ಟರು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಇಲಿಗೆ ಬಿಪಿ ನೋಡುವುದು ಹೇಗೆ? ಇಲಿಯಲ್ಲಿ ಸಿಕ್ಕಿದ್ದು ಮನುಷ್ಯರಿಗೆ ಹೊಂದುತ್ತದಾ?

ಬಾಲಕ್ಕೆ ಪುಟ್ಟ ಪಟ್ಟಿ ಕಟ್ಟಿ ನೋಡುವುದು ಹಳೆಯ ವಿಧಾನ. ಅದಕ್ಕೆ ಇಲಿಯನ್ನು ಹಿಡಿದು ಕೂಡಿಸಬೇಕು, ಬಾಲ ಬೆಚ್ಚಗೆ ಮಾಡಬೇಕು. ಹೆದರಿದ ಇಲಿಯ ಬಿಪಿ ಏರುತ್ತದೆ. ಈಗ ಸಣ್ಣ ಆಪರೇಷನ್ ಮಾಡಿ ಧಮನಿಯೊಳಗೆ ತೆಳು ಕೊಳವೆ ಮತ್ತು ಚರ್ಮದ ಕೆಳಗೆ ಟ್ರಾನ್ಸ್‌ಮಿಟರ್ ಇಡುತ್ತಾರೆ. ಇಲಿ ಗೂಡಿನಲ್ಲಿ ಓಡಾಡಿಕೊಂಡೇ ಇರುತ್ತದೆ, ಹಗಲು ರಾತ್ರಿ ಬಿಪಿ ದಾಖಲಾಗುತ್ತದೆ. ಇಲಿ ಚುರುಕಾಗಿರುವುದು ರಾತ್ರಿ, ಆದ್ದರಿಂದ ಹಗಲಿನ ಅಳತೆ ಮಾತ್ರ ನೋಡಿದರೆ ಅರ್ಧ ಕಥೆ.

ಬಗೆ ಬಗೆಯ ಇಲಿಗಳಿವೆ. 1963ರಲ್ಲಿ ಜಪಾನಿನ ಕ್ಯೋಟೋದಲ್ಲಿ ಒಕಾಮೊಟೊ ಮತ್ತು ಅವೊಕಿ ತಾನಾಗಿಯೇ ಬಿಪಿ ಬರುವ ತಳಿ ಬೆಳೆಸಿದರು. ಉಪ್ಪಿನಿಂದ ಬಿಪಿ ಏರುವ ತಳಿ ಇದೆ. ಜೀನ್ ಕೆಟ್ಟು ದಪ್ಪ ಆಗುವ ತಳಿ ಇದೆ. ಕೊಬ್ಬಿನ ಆಹಾರ ಕೊಟ್ಟು ದಪ್ಪ ಮಾಡಿದ್ದೂ ಇದೆ. ಮನುಷ್ಯರ ಬೊಜ್ಜಿಗೆ ಕೊನೆಯದು ಹತ್ತಿರ.

ಮಿತಿಗಳನ್ನು ಮರೆಯಬಾರದು. ಪ್ರಯೋಗಾಲಯದ ಕೋಣೆ ಸುಮಾರು 22 ಡಿಗ್ರಿ ಇರುತ್ತದೆ. ನಮಗೆ ಹಿತ. ಚಿಕ್ಕ ಇಲಿಗೆ ಹಿತವಾದದ್ದು ಸುಮಾರು 30 ಡಿಗ್ರಿ. ಅಂದರೆ ನಾವು ಅಳೆಯುವ ಇಲಿ ಸದಾ ಚಳಿಯಲ್ಲಿ ಇರುತ್ತದೆ. ಮೈ ಬೆಚ್ಚಗಿಡಲು ಸಿಂಪತೆಟಿಕ್ ನರಗಳು ದುಡಿಯುತ್ತಿರುತ್ತವೆ, ಕೊಬ್ಬು ಸುಡುತ್ತಿರುತ್ತದೆ, ಬಡಿತ ಮತ್ತು ಬಿಪಿ ಎರಡೂ ಮೇಲಿರುತ್ತವೆ. ಬೊಜ್ಜು ಮತ್ತು ಬಿಪಿ ಅಧ್ಯಯನ ಮಾಡುವವರಿಗೆ ಇದಕ್ಕಿಂತ ದೊಡ್ಡ ಗೊಂದಲ ಬೇಕಾ? ಯಾವ ಪ್ರಬಂಧ ಓದಿದರೂ ನಾನು ಮೊದಲು ಕೋಣೆಯ ಉಷ್ಣತೆ ಹುಡುಕುತ್ತೇನೆ.

ಹೆಣ್ಣು ಗಂಡಿನಲ್ಲಿ ವ್ಯತ್ಯಾಸ ಇದೆಯಾ?

ಇದೆ. ಕೊಬ್ಬಿನ ಆಹಾರದಿಂದ ಗಂಡು ಇಲಿಗೂ ಹೆಣ್ಣು ಇಲಿಗೂ ಬೊಜ್ಜು ಬರುತ್ತದೆ, ಆದರೆ ಹೆಣ್ಣಿನ ಬಿಪಿ ಅಷ್ಟಾಗಿ ಏರುವುದಿಲ್ಲ. ಕೊಬ್ಬಿನಲ್ಲಿರುವ ಎಸಿಇ-2 ಎಂಬ ಕಿಣ್ವ ಆಂಜಿಯೋಟೆನ್ಸಿನನ್ನು ಒಡೆದು ಹಾಕುತ್ತದೆ, ಈಸ್ಟ್ರೋಜನ್ ಆ ಕಿಣ್ವವನ್ನು ಕಾಪಾಡುತ್ತದೆ ಎಂದು ಕೆಂಟಕಿಯ ಅದೇ ತಂಡ ತೋರಿಸಿತು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಬಿಪಿ ವೇಗವಾಗಿ ಏರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಬರೀ ಗಂಡು ಇಲಿಗಳ ಮೇಲೆ ಪ್ರಯೋಗ ಮಾಡಿ ಎಲ್ಲರಿಗೂ ಅನ್ವಯಿಸುವ ಕಾಲ ಮುಗಿಯಬೇಕು.

ತೋಳು ದಪ್ಪ ಇದೆ. ಬಿಪಿ ಸರಿಯಾಗಿ ತೋರಿಸುತ್ತದಾ?

ತೋಳಿಗೆ ಕಟ್ಟುವ ಪಟ್ಟಿಯ ಅಳತೆ ಸರಿ ಇದ್ದರೆ ಮಾತ್ರ. ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. 2023ರ ಒಂದು ಟ್ರಯಲ್‌ನಲ್ಲಿ ತೀರಾ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 19.5 ಜಾಸ್ತಿ ಬಂತು. 125 ಇರಬೇಕಾದವರಿಗೆ 144 ಕಾಣುತ್ತದೆ, ಬೇಡದ ಮಾತ್ರೆ ಶುರುವಾಗುತ್ತದೆ. ದೊಡ್ಡ ಪಟ್ಟಿ ಇದೆಯಾ ಎಂದು ಕೇಳಲು ಸಂಕೋಚ ಬೇಡ.

ಇಂಜೆಕ್ಷನ್ ಶುರು ಮಾಡಿದ ಮೇಲೆ ಬಿಪಿ ಮಾತ್ರೆ ಹಾಗೇ ಮುಂದುವರಿಸಬಹುದಾ?

ಮೊದಲಿಗೆ ಹೌದು, ಆದರೆ ಮನೆಯಲ್ಲಿ ಅಳೆಯುತ್ತಿರಬೇಕು. ತೂಕ ಇಳಿಯುತ್ತಾ ಹೋದಂತೆ ಹಿಂದಿನ ಡೋಸ್ ಹೆಚ್ಚಾಗಬಹುದು. ಎದ್ದು ನಿಂತಾಗ ತಲೆ ತಿರುಗಿದರೆ ಡಾಕ್ಟರಿಗೆ ತಿಳಿಸಿ. ವಾಂತಿ, ಭೇದಿ ಜೋರಾಗಿ ದೇಹದ ನೀರು ಕಡಿಮೆಯಾದಾಗ, ಮೂತ್ರ ಹೆಚ್ಚಿಸುವ ಮಾತ್ರೆ ಮತ್ತು ಆಂಜಿಯೋಟೆನ್ಸಿನ್ ತಡೆಯುವ ಮಾತ್ರೆ ಎರಡೂ ನಡೆಯುತ್ತಿದ್ದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಅಂಥ ದಿನ ಏನು ಮಾಡಬೇಕು ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ಟಿರ್ಜೆಪಟೈಡ್ ಶುರು ಮಾಡಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಬೇರೆ ಉಪಾಯವನ್ನೂ ಬಳಸಬೇಕು.

ತೂಕ ಇಳಿದ ಮೇಲೆ ಇಂಜೆಕ್ಷನ್ ನಿಲ್ಲಿಸಬಹುದಾ?

ಸ್ಟೆಪ್-1 ಮುಗಿದ ಮೇಲೆ ಔಷಧ ನಿಲ್ಲಿಸಿದವರನ್ನು ಗಮನಿಸಿದಾಗ, ಒಂದು ವರ್ಷದಲ್ಲಿ ಕಳೆದುಕೊಂಡ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಬಿಪಿಯೂ ಹಿಂದಿನ ಜಾಗಕ್ಕೆ ಹೊರಳಿತ್ತು. ಬಿಪಿ ಮಾತ್ರೆ ನಿಲ್ಲಿಸಿದಾಗ ಬಿಪಿ ಏರಿದರೆ ರೋಗಿಯನ್ನು ಯಾರೂ ಬೈಯುವುದಿಲ್ಲ ಅಲ್ವಾ? ತೂಕ ಏರಿದಾಗ ಮಾತ್ರ ಬೈಯುತ್ತಾರೆ. ಎರಡೂ ದೇಹ ತನ್ನ ಹಳೆಯ ಮಟ್ಟಕ್ಕೆ ಮರಳುವ ಪ್ರಯತ್ನವೇ.

ಇದೆಲ್ಲ ಬಾಯಿ ಕಟ್ಟಲಾರದವರಿಗೆ ಎಂದು ಜನ ಹೇಳುತ್ತಾರಲ್ಲ?

ಲೆಪ್ಟಿನ್ ತಯಾರಾಗದ ಮಕ್ಕಳಿಗೆ ಲೆಪ್ಟಿನ್ ಕೊಟ್ಟಾಗ ಅವರ ತೀರದ ಹಸಿವು ತಣಿಯಿತು. ಅವರ ಮನೋಬಲವನ್ನು ಯಾರೂ ಬದಲಿಸಿರಲಿಲ್ಲ. ಹಸಿವು ದೇಹದ ಲೆಕ್ಕಾಚಾರ. ಆಹಾರ, ಓಡಾಟ, ನಿದ್ದೆ ಬಹಳ ಮುಖ್ಯ, ಔಷಧ ಇದ್ದರೂ ಬೇಕು. ಆದರೆ ನಾಚಿಕೆಯಿಂದ ಡಾಕ್ಟರ ಹತ್ತಿರ ಹೋಗದೆ, ಬಿಪಿ ಅಳೆಸಿಕೊಳ್ಳದೆ ಕೂತವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಬೈಗುಳದಿಂದ ಯಾರ ಬಿಪಿಯೂ ಇಳಿದಿಲ್ಲ.

ಮುಂದೆ ಏನು ಬರಲಿದೆ?

ನಾನು ಹೆಚ್ಚು ಕುತೂಹಲದಿಂದ ನೋಡುತ್ತಿರುವುದು ಜಿಲೆಬೆಸಿರಾನ್. ಲಿವರ್ ಆಂಜಿಯೋಟೆನ್ಸಿನೋಜನ್ ತಯಾರಿಸುವುದನ್ನೇ ತಡೆಯುವ ಇಂಜೆಕ್ಷನ್ ಇದು. 2023ರಲ್ಲಿ ಬಂದ ಮೊದಲ ಹಂತದ ಫಲಿತಾಂಶದಲ್ಲಿ ದೊಡ್ಡ ಡೋಸಿನ ಒಂದೇ ಇಂಜೆಕ್ಷನ್ನಿನ ಪರಿಣಾಮ 24 ವಾರ ಇತ್ತು. ದಿನಾ ಮಾತ್ರೆ ಮರೆಯುವವರಿಗೆ ಇದು ವರ ಆಗಬಹುದು. ಆದರೆ ಅಪಘಾತವಾಗಿ ರಕ್ತ ಹೋಗಿ ಬಿಪಿ ಕುಸಿದಾಗ ಈ ಪರಿಣಾಮವನ್ನು ಬೇಗ ವಾಪಸ್ ತೆಗೆಯುವುದು ಹೇಗೆ ಎಂಬುದಕ್ಕೂ ಗಟ್ಟಿ ಉತ್ತರ ಬೇಕು. ಅದು ಸಿಗುವ ತನಕ ನಾನು ಆತುರ ಪಡುವುದಿಲ್ಲ.

ಗಿಡಮೂಲಿಕೆಯ ತೂಕ ಇಳಿಸುವ ಪುಡಿ, ಕ್ಯಾಪ್ಸೂಲ್ ತೆಗೆದುಕೊಂಡರೆ ಏನೂ ಆಗುವುದಿಲ್ಲ ಅಲ್ವಾ?

ಆಗಬಹುದು. ‘ಪೂರ್ತಿ ನೈಸರ್ಗಿಕ’ ಎಂದು ಮಾರುವ ತೂಕದ ಉತ್ಪನ್ನಗಳಲ್ಲಿ ಮೇಲೆ ಹೇಳಿದ ಸಿಬುಟ್ರಮೈನ್ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಪತ್ತೆ ಹಚ್ಚಿದೆ. ಲೇಬಲ್ ಮೇಲೆ ಅದರ ಹೆಸರು ಇರುವುದಿಲ್ಲ. ಬಿಪಿ ಇರುವವರು ಅದನ್ನು ನುಂಗಿದರೆ ಒಂದು ಕಡೆ ಮಾತ್ರೆ ಬಿಪಿ ಇಳಿಸುತ್ತಿರುತ್ತದೆ, ಇನ್ನೊಂದು ಕಡೆ ಕ್ಯಾಪ್ಸೂಲ್ ಏರಿಸುತ್ತಿರುತ್ತದೆ. ಡಾಕ್ಟರು ಕಾರಣ ತಿಳಿಯದೆ ಡೋಸ್ ಹೆಚ್ಚಿಸುತ್ತಾ ಹೋಗುತ್ತಾರೆ. ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ, ನಿದ್ದೆ ಬಾರದೆ ಎದೆ ಡವಡವ ಎನ್ನುತ್ತಿದ್ದರೆ, ಇವತ್ತೇ ಅದನ್ನು ನಿಲ್ಲಿಸಿ. ಡಬ್ಬಿಯನ್ನು ಎಸೆಯಬೇಡಿ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗಿ.